ವಿಮಾನದಂತೆ, ವಿಮಾನವಂತೆ

ಆಕಾಶದಲ್ಲಿ ತಟ್ಟೆಯೊಂದು ಹಾರಿತೆಂದರೆ ಅದು ಸುದ್ದಿ. ವಿಮಾನದಂಥದೊಂದು ಹಾರಿತೆಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಲೋಕದ ಕುತೂಹಲ ಎಂದೂ ಅದ್ಭುತದ ಪಕ್ಷಪಾತಿ. ಆದರೆ ವಿಚಾರವಂತರು ಹೆಚ್ಚಾಗಿ ಗಮನಿಸಬೇಕಾದುದು ಈ ಎರಡನೆಯ ಬಗೆಯ ನೋಟವನ್ನೇ ಎಂದು ನನಗೆ ತೋರುತ್ತದೆ. ರೆಕ್ಕೆಯುಂಟು, ದೀಪವುಂಟು, ಒಂದು ದಿಕ್ಕಿನಿಂದ ಮತ್ತೊಂದು ದಿಕ್ಕಿಗೆ ಸಾಗುವ ನೇರವಾದ ನಡೆಯುಂಟು. ಎಲ್ಲ ವಿಧದಲ್ಲಿಯೂ ಅದು ವಿಮಾನವನ್ನೇ ಹೋಲುತ್ತದೆ. ಆದರೂ ಏನೋ ಒಂದು ಕೂಡಿಬರುವುದಿಲ್ಲ. ಸದ್ದಿಲ್ಲ, ಇದ್ದರೆ ಬೇರೆಲ್ಲಿಂದಲೋ ಬರುತ್ತದೆ. ಬಹಳ ಹೊತ್ತು ಒಂದೇ ಕಡೆ ನಿಂತಂತಿರುತ್ತದೆ. ಆ ಹೊತ್ತಿಗೆ ಆ ದಾರಿಯಲ್ಲಿ ಯಾವ ವಿಮಾನವೂ ಇರಲಿಲ್ಲವೆಂದು ಬಲ್ಲವರು ಹೇಳುತ್ತಾರೆ. ಆಗ ಕಂಡವನು ಏನೆಂದು ಹೇಳಬೇಕು? ಕೇಳಿದವರು ಏನೆಂದು ತಿಳಿಯಬೇಕು?

ಈ ಪ್ರಶ್ನೆ ನಮ್ಮ ಉಡುತಡಿಯ ಸೀಮೆಗೆ ಈಚೆಗೆ ಹತ್ತಿರವಾಗಿದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಜನ ಬಹುಕಾಲ ವಿಮಾನವನ್ನು ಕಂಡುದು ಅತಿ ಎತ್ತರದಲ್ಲಿ ಎಳೆದ ಒಂದು ಬಿಳಿಯ ಗೆರೆಯಾಗಿ. ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಪ್ರಯಾಣಿಕರ ವಿಮಾನ ಬಂದಿಳಿಯಿತು. ಇತ್ತ ಮದುವೆಯ ಮನೆಗಳಲ್ಲಿ ಚಿತ್ರ ತೆಗೆಯಲು ಡ್ರೋನು ಹಾರುತ್ತದೆ. ಹೊಲದಲ್ಲಿ ಔಷಧ ಸಿಂಪಡಿಸುವುದಕ್ಕೂ ಡ್ರೋನು ಬಂದಿದೆ. ಮುಗಿಲು ಮೊದಲಿನಂತೆ ಹಕ್ಕಿಗಳಿಗೂ ನಕ್ಷತ್ರಗಳಿಗೂ ಮಾತ್ರ ಮೀಸಲಾಗಿ ಉಳಿದಿಲ್ಲ. ವಿಮಾನದಂತೆ ತೋರುವ ವಸ್ತುಗಳು ಹೆಚ್ಚಿದಷ್ಟೂ ‘ಅದೇನು?’ ಎಂದು ಕೇಳುವ ಸಂದರ್ಭಗಳೂ ಹೆಚ್ಚುತ್ತವೆ.

ಕನ್ನಡ ಪಾಠ ಹೇಳುವವನಿಗೆ ಆಕಾಶದ ಈ ವಿಚಾರದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸವುಂಟು. ಕಣ್ಣು ಕಂಡುದು ಬಾಯಿಗೆ ಬರುವಾಗ ಏನಾಗುತ್ತದೆ ಎಂಬುದು ಭಾಷೆಯ ಪ್ರಶ್ನೆ. ಅದಕ್ಕೆ ನಮ್ಮ ಭಾಷೆ ಒಂದು ಸೊಗಸಾದ ಉತ್ತರವನ್ನು ತನ್ನ ವ್ಯಾಕರಣದಲ್ಲಿಯೇ ಇಟ್ಟುಕೊಂಡಿದೆ. ‘ವಿಮಾನದಂತೆ’ ಎಂದರೆ ಅದನ್ನು ಹೋಲುವಂತೆ ಎಂದರ್ಥ. ಇದು ಕಂಡವನ ಮಾತು. ‘ವಿಮಾನವಂತೆ’ ಎಂದರೆ ಯಾರೋ ಹಾಗೆ ಹೇಳುತ್ತಾರೆ ಎಂದರ್ಥ. ಇದು ಕೇಳಿದವನ ಮಾತು. ನಡುವೆ ಇರುವುದು ಒಂದಕ್ಷರದ ಅಂತರ. ಸಂತೆಯಲ್ಲಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟುವಾಗ ಮೊದಲನೆಯದು ಎರಡನೆಯದಾಗುತ್ತದೆ. ಮೂರನೆಯ ಬಾಯಿಯಲ್ಲಿ ‘ಅಂತೆ’ಯೂ ಉದುರಿ ಬರಿಯ ‘ವಿಮಾನ’ ಉಳಿಯುತ್ತದೆ. ‘ಕಾಣು’ ಎಂಬ ಧಾತುವೂ ಹಾಗೆಯೇ. ‘ನಾನು ಕಂಡೆ’ ಎಂಬುದು ಸಾಕ್ಷ್ಯ. ‘ಹಾಗೆ ಕಾಣುತ್ತದೆ’ ಎಂಬುದು ಊಹೆ. ಒಂದೇ ಧಾತು ಎರಡನ್ನೂ ಹೊತ್ತಿದೆ. ಇವೆರಡನ್ನೂ ಬೇರೆಬೇರೆಯಾಗಿ ಉಳಿಸಿಕೊಳ್ಳುವವರೆಗೆ ನೋಟ ಎಷ್ಟು ವಿಚಿತ್ರವಾಗಿದ್ದರೂ ಅದರಿಂದ ಕೇಡಿಲ್ಲ. ಬೆರೆತುಹೋದ ಮೇಲೆ ಎಷ್ಟು ಸಾಮಾನ್ಯವಾದ ನೋಟವಾದರೂ ಅನರ್ಥಕ್ಕೆ ದಾರಿ.

ಹಾರುವ ತಟ್ಟೆಯ ಹೆಸರು ಹುಟ್ಟಿದ ಬಗೆಯನ್ನು ನೋಡಿ. 1947ರ ಜೂನ್ 24ರಂದು ಕೆನೆತ್ ಅರ್ನಾಲ್ಡ್ ಎಂಬ ಅಮೆರಿಕದ ವಿಮಾನ ಚಾಲಕ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಹಾರಿದುದನ್ನು ಕಂಡ. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುತ್ತ ಹೋಗುವಂತೆ ಅವು ಚಲಿಸಿದವೆಂದು ಆತ ಹೇಳಿದನೆನ್ನುತ್ತಾರೆ. ಹೋಲಿಕೆ ಇದ್ದುದು ಚಲನೆಗೆ. ಪತ್ರಿಕೆಗಳು ಅದನ್ನು ಆಕಾರಕ್ಕೆ ಅಂಟಿಸಿ ‘ಹಾರುವ ತಟ್ಟೆ’ ಎಂದು ಹೆಸರಿಟ್ಟುವು. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಚಾಲಕ ಉಪಮೆಯನ್ನು ಕೊಟ್ಟ. ಲೋಕ ಅದನ್ನು ರೂಪಕ ಮಾಡಿಕೊಂಡಿತು. ಅಲ್ಲಿಂದ ಮುಂದೆ ಜನ ತಟ್ಟೆಗಳನ್ನೇ ಕಾಣತೊಡಗಿದರು. ಪೂರ್ಣಚಂದ್ರ ತೇಜಸ್ವಿಯವರು ಈ ವಿಷಯವನ್ನು ಕನ್ನಡಕ್ಕೆ ತಂದಾಗ ಅವರ ಪುಸ್ತಕವೂ ‘ಫ್ಲೈಯಿಂಗ್ ಸಾಸರ್ಸ್’ ಎಂಬ ಹೆಸರನ್ನೇ ಹೊತ್ತಿತು. ಹೆಸರಿನ ಬಲ ಅಷ್ಟು ದೊಡ್ಡದು.

ತಟ್ಟೆಗಿಂತ ಮುಂಚೆಯೂ ಆಕಾಶದಲ್ಲಿ ನೋಟಗಳಿದ್ದುವು. ಅವು ಆಯಾ ಕಾಲದ ಯಂತ್ರದ ಆಕಾರವನ್ನೇ ತಾಳಿದ್ದುವೆಂಬುದು ಗಮನಾರ್ಹ. 1896–97ರಲ್ಲಿ ಅಮೆರಿಕದ ಊರೂರುಗಳಲ್ಲಿ ದೀಪ ಹೊತ್ತ ವಾಯುನೌಕೆಗಳನ್ನು ಕಂಡೆವೆಂದು ಜನ ಹೇಳಿದರು. 1933–34ರ ಚಳಿಗಾಲದಲ್ಲಿ ಸ್ವೀಡನ್, ನಾರ್ವೆ, ಫಿನ್ಲೆಂಡ್ ದೇಶಗಳಲ್ಲಿ ಗುರುತಿಲ್ಲದ ವಿಮಾನಗಳು ಹಿಮಪಾತದ ರಾತ್ರಿಗಳಲ್ಲಿ ಹಾರಿದುವೆಂಬ ವರದಿಗಳು ಬಂದುವು, ಸೈನ್ಯಗಳು ಹುಡುಕಾಡಿದುವು. 1946ರಲ್ಲಿ, ಜರ್ಮನಿಯ ರಾಕೆಟ್ಟುಗಳ ನೆನಪು ಹಸಿಯಾಗಿದ್ದಾಗ, ಅದೇ ಸ್ವೀಡನ್ನಿನ ಜನಕ್ಕೆ ರಾಕೆಟ್ಟುಗಳು ಕಂಡುವು. ಕಂಡವರೆಲ್ಲ ಸುಳ್ಳರೆಂದು ಇದರ ಅರ್ಥವಲ್ಲ. ಕಣ್ಣು ಬೆಳಕನ್ನು ಕಾಣುತ್ತದೆ. ಆ ಬೆಳಕಿಗೆ ಮೈಯನ್ನು ಕೊಡುವುದು ಮನಸ್ಸು, ಅದೂ ತನಗೆ ಗೊತ್ತಿರುವ ಮೈಯನ್ನು.

ನಮ್ಮ ಆಲಂಕಾರಿಕರು ಇದನ್ನು ಚೆನ್ನಾಗಿ ಬಲ್ಲರು. ಒಂದು ವಸ್ತು ಇನ್ನೊಂದರಂತೆ ಇದೆ ಎಂದರೆ ಉಪಮೆ. ಇದೋ ಅದೋ ಎಂದು ತೂಗಾಡಿದರೆ ಸಂದೇಹ. ಇದನ್ನು ಅದೆಂದೇ ನಂಬಿಬಿಟ್ಟರೆ ಭ್ರಾಂತಿಮಾನ್. ಇದು ಇದಲ್ಲ, ಅದೇ ಎಂದು ಎದುರಿನ ವಸ್ತುವನ್ನೇ ನಿರಾಕರಿಸಿದರೆ ಅಪಹ್ನುತಿ. ಕಾವ್ಯದಲ್ಲಿ ಈ ನಾಲ್ಕೂ ಸೊಗಸೇ. ಲೋಕವ್ಯವಹಾರದಲ್ಲಿ ಮೊದಲನೆಯ ಎರಡು ಪ್ರಾಮಾಣಿಕ, ಕೊನೆಯ ಎರಡು ಅಪಾಯಕರ. ಆಕಾಶದ ವಿಚಾರದಲ್ಲಿ ಅಪಹ್ನುತಿಗೆ ಒಂದು ನಿದರ್ಶನ ಕೊಡಬಹುದು. ಅನ್ಯಲೋಕದ ಯಾನಗಳು ನಮ್ಮ ಕಣ್ಣು ತಪ್ಪಿಸಲು ಸಾಮಾನ್ಯ ವಿಮಾನದ ವೇಷ ಹಾಕಿಕೊಂಡು ಬರುತ್ತವೆ ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಸೋಲಿಸುವುದು ಸಾಧ್ಯವಿಲ್ಲ. ಅದೇ ಅದರ ದೋಷ. ವಿಮಾನದಂತಿದ್ದರೆ ವೇಷ, ವಿಮಾನದಂತಿಲ್ಲದಿದ್ದರೆ ನಿಜರೂಪ ಎಂದಮೇಲೆ ಸೋಗಾನೆಯಲ್ಲಿ ಇಳಿಯುವ ಪ್ರತಿಯೊಂದು ವಿಮಾನವೂ ಆ ವಾದಕ್ಕೆ ಪುರಾವೆಯಾಗಿಬಿಡುತ್ತದೆ.

ವೇಷದ ಕಥೆಯಿಲ್ಲದೆಯೂ ವಿಮಾನದಂತಿದ್ದು ನಾವು ಬಲ್ಲ ವಿಮಾನವಲ್ಲದ ವಸ್ತುಗಳು ನಿಜವಾಗಿಯೂ ಇವೆ. ಅವು ನಮಗೆ ದೂರದವೂ ಅಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಜೋಡಿಚಿಕ್ಕೇನಹಳ್ಳಿಯ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ, ಆಕಾಶದಿಂದ ಒಂದು ಯಂತ್ರ ಕೃಷಿಭೂಮಿಗೆ ಬಂದು ಬಿತ್ತು. ರೆಕ್ಕೆಯ ಅಗಲ ಇಪ್ಪತ್ತು ಮೀಟರಿಗೂ ಹೆಚ್ಚು, ಬಾಲವುಂಟು, ಯಂತ್ರವುಂಟು, ಆದರೆ ಒಳಗೆ ಕೂರುವ ಸ್ಥಳವೇ ಇಲ್ಲ. ಸುತ್ತಲಿನ ಜನ ಓಡಿಬಂದು ನೋಡಿದರು. ಅದು ‘ತಪಸ್’ ಎಂಬ ಮಾನವರಹಿತ ವಿಮಾನ, ರುಸ್ತುಂ-2 ಎಂಬುದು ಅದರ ಹಳೆಯ ಹೆಸರು. ಅದೇ ಕ್ಷೇತ್ರದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತಾನೇ ದಾರಿ ಹಿಡಿದು ಬಂದು ರನ್‌ವೇಯ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಈ ಪರೀಕ್ಷೆ ಮತ್ತೆ ನಡೆಯಿತು. ಆ ವಾಹನಕ್ಕೆ ಇಟ್ಟ ಹೆಸರು ಪುಷ್ಪಕ್. ಬಳ್ಳಿಗಾವೆಯ ಕೇದಾರೇಶ್ವರದಲ್ಲಿ ‘ವಿಮಾನ’ವೆಂದರೆ ಗರ್ಭಗುಡಿಯ ಮೇಲಿನ ಕಲ್ಲಿನ ಶಿಖರ, ನಾಗಚಂದ್ರನ ರಾಮಕಥೆಯಲ್ಲಿ ವಿದ್ಯಾಧರರ ವಾಹನ, ಇಂದು ಲೋಹದ ಯಂತ್ರ. ಹೆಸರು ಹಳೆಯದು, ವಸ್ತು ಹೊಸದು. ಇಂಥದನ್ನು ದೂರದಿಂದ ಕಂಡ ಕುರುಬನೊಬ್ಬ ‘ವಿಮಾನದಂತಿತ್ತು, ಆದರೆ ವಿಮಾನವಲ್ಲ’ ಎಂದು ಹೇಳಿದ್ದರೆ ಅವನ ಮಾತು ಅಕ್ಷರಶಃ ಸತ್ಯ. ನಗುವವರೇ ಅಲ್ಲಿ ಅಜ್ಞಾನಿಗಳು.

ಸಾಮಾನ್ಯ ವಿಮಾನವೂ ವಿಚಿತ್ರವಾಗಿ ತೋರುವುದುಂಟು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹತ್ತು ಕಿಲೋಮೀಟರ್ ಎತ್ತರದ ವಿಮಾನದ ಸದ್ದು ನಮ್ಮನ್ನು ಮುಟ್ಟಲು ಸುಮಾರು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ವಿಮಾನ ಏಳು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಆದುದರಿಂದ ಕಣ್ಣು ತೋರಿಸುವ ಕಡೆ ಸದ್ದಿಲ್ಲ, ಸದ್ದು ಕೇಳುವ ಕಡೆ ವಿಮಾನವಿಲ್ಲ. ಇಳಿಯುವ ದೀಪ ಹೊತ್ತಿಸಿಕೊಂಡು ನೇರವಾಗಿ ನಮ್ಮ ಕಡೆಗೇ ಬರುವ ವಿಮಾನ ಹಲವು ನಿಮಿಷ ಚಲಿಸದ ನಕ್ಷತ್ರದಂತೆ ನಿಂತಿದ್ದು, ತಿರುಗಿದೊಡನೆ ಮಾಯವಾಗುತ್ತದೆ. ಸಂಜೆ ನೆಲದ ಮೇಲೆ ಕತ್ತಲಾದಾಗಲೂ ಎತ್ತರದ ರೆಕ್ಕೆಗೆ ಬಿಸಿಲು ತಾಗುತ್ತಿರುತ್ತದೆ. ಅಮೆರಿಕದ ಯು-2 ಬೇಹುವಿಮಾನದ ಕಥೆ ಇದಕ್ಕೆ ಸಾಕ್ಷಿ. 1955ರ ಆಗಸ್ಟಿನಲ್ಲಿ ಪರೀಕ್ಷೆ ಆರಂಭವಾದಾಗ ಅದು ಹಾರಿದುದು 60,000 ಅಡಿಗೂ ಮೇಲೆ. ಪ್ರಯಾಣಿಕರ ವಿಮಾನಗಳು ಆಗ ಹಾರುತ್ತಿದ್ದುದು ಹತ್ತರಿಂದ ಇಪ್ಪತ್ತು ಸಾವಿರ ಅಡಿಗಳಲ್ಲಿ. ಕತ್ತಲಲ್ಲಿದ್ದ ಚಾಲಕರಿಗೆ ಮೇಲೆ ಬೆಂಕಿಯಂತೆ ಹೊಳೆಯುವ ವಸ್ತು ಕಂಡಿತು. 1950ರ ದಶಕದ ಕೊನೆಯಿಂದ 1960ರ ದಶಕದುದ್ದಕ್ಕೂ ಬಂದ ಇಂಥ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ತಮ್ಮ ಬೇಹುವಿಮಾನಗಳೇ ಕಾರಣವೆಂದು ಅಲ್ಲಿನ ಗೂಢಚಾರ ಸಂಸ್ಥೆ 1997ರಲ್ಲಿ ಪ್ರಕಟವಾದ ತನ್ನ ಅಧ್ಯಯನದಲ್ಲಿ ಹೇಳಿಕೊಂಡಿದೆ. ಸತ್ಯ ತಿಳಿದಿದ್ದ ಸರ್ಕಾರ ಜನಕ್ಕೆ ಮಾತ್ರ ಮಂಜಿನ ಹರಳು, ಗಾಳಿಯ ಉಷ್ಣತೆ ಎಂದು ಸಮಾಧಾನ ಹೇಳಿ ಕಳಿಸಿತ್ತು. ಅವಿವೇಕ ಯಾವಾಗಲೂ ಕಂಡವನ ಕಡೆಯೇ ಇರುವುದಿಲ್ಲ.

ಬೆಂಗಳೂರಿನಲ್ಲಿ 2020ರ ಮೇ 20ರ ಮಧ್ಯಾಹ್ನ ನಡೆದುದು ಅನೇಕರ ನೆನಪಿನಲ್ಲಿರಬೇಕು. ಕಿಟಕಿಗಳು ಅದುರುವಂಥ ಸದ್ದೊಂದು ಊರನ್ನೆಲ್ಲ ಬೆಚ್ಚಿಬೀಳಿಸಿತು. ಭೂಕಂಪವಲ್ಲವೆಂದು ಮಾಪಕಗಳು ಹೇಳಿದುವು. ಹಾಗಾದರೆ ಮತ್ತೇನು? ಉತ್ತರ ಬರುವವರೆಗೆ ನಗರದ ತುಂಬ ಊಹೆಗಳು ಹಾರಾಡಿದುವು. ಅದು ವಾಯುಪಡೆಯ ಪರೀಕ್ಷಾ ಹಾರಾಟವೆಂದೂ, ನಗರದಿಂದ ದೂರದಲ್ಲಿ 36,000ದಿಂದ 40,000 ಅಡಿಗಳ ಎತ್ತರದಲ್ಲಿ ವಿಮಾನ ಶಬ್ದಾತೀತ ವೇಗದಿಂದ ಇಳಿಯುವಾಗ ಹುಟ್ಟಿದ ಸದ್ದೆಂದೂ, ಇಂಥದು 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳಿಸಬಲ್ಲುದೆಂದೂ ರಕ್ಷಣಾ ಇಲಾಖೆ ತಿಳಿಸಿತು. ಸ್ಪಷ್ಟವಾದ ಉತ್ತರ, ಬಂದೊಡನೆ ಗೊಂದಲ ಅಡಗಿತು. ಅದೇ ಉತ್ತರ ಒಂದು ಗಂಟೆ ಮೊದಲೇ ಬಂದಿದ್ದರೆ ಅಷ್ಟು ಊಹೆಗಳಿಗೆ ಎಡೆಯಿರುತ್ತಿರಲಿಲ್ಲ.

ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನ ಲಡಾಖಿನದು. 2012ರಿಂದ 2013ರ ಫೆಬ್ರವರಿಯವರೆಗೆ ಗಡಿಯ ಕಾವಲಿನ ನಮ್ಮ ಸೈನಿಕರು ಹಾರುವ ಬೆಳಕುಗಳನ್ನು ಕಂಡುದಾಗಿ 329 ನೋಟಗಳನ್ನು ದಾಖಲು ಮಾಡಿದರು. ನೆರೆಯ ದೇಶದ ಬೇಹುಯಂತ್ರಗಳೆಂಬ ಶಂಕೆಯಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಪರಿಶೀಲಿಸಿ, ಅವು ಶುಕ್ರ ಮತ್ತು ಗುರು ಗ್ರಹಗಳೆಂದು ನಿರ್ಣಯಿಸಿದರು. ಭ್ರಾಂತಿಮಾನ್ ಅಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಾಠದ ಪುಸ್ತಕದಲ್ಲಿಲ್ಲ ಎಂದು ಕೆಲವರು ನಕ್ಕರೇನೋ. ನಾನು ನಗಲಾರೆ. ಆ ಯೋಧರು ಕಂಡುದನ್ನು ಬರೆದಿಟ್ಟರು. ಬರೆದಿಟ್ಟುದರಿಂದಲೇ ಬಲ್ಲವರು ಬಂದು ನೋಡಿ ಬಿಡಿಸಲು ಸಾಧ್ಯವಾಯಿತು. ಎರಡು ಗ್ರಹಗಳಿಗಾಗಿ ಎರಡು ದೇಶಗಳ ನಡುವೆ ಮನಸ್ತಾಪ ಬೆಳೆಯುವುದು ಆ ಬರವಣಿಗೆಯಿಂದ ತಪ್ಪಿತು.

ಕೊನೆಗೆ ಎಲ್ಲವೂ ಗ್ರಹವೋ ವಿಮಾನವೋ ಆಗುವುದಾದರೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂಬ ಆಕ್ಷೇಪಣೆ ಉಂಟು. ಮೊದಲನೆಯದಾಗಿ, ಎಲ್ಲವೂ ಆಗುವುದಿಲ್ಲ. ಅಮೆರಿಕದ ವಾಯುಪಡೆ ಇಂಥ ನೋಟಗಳ ವಿಚಾರಣೆಯನ್ನು 1969ರಲ್ಲಿ ಮುಗಿಸಿದಾಗ 12,618 ವರದಿಗಳಲ್ಲಿ 701 ಬಿಡಿಸಲಾಗದೆ ಉಳಿದುವು. ಗೊತ್ತಾಗಲಿಲ್ಲ ಎಂಬುದು ಗೌರವದ ಉತ್ತರವೇ. ಅದರ ಜಾಗಕ್ಕೆ ಅನ್ಯಲೋಕವನ್ನು ತಂದು ಕೂರಿಸಬೇಕಾಗಿಲ್ಲ. ಎರಡನೆಯದಾಗಿ, ಸಾಮಾನ್ಯ ವಿಮಾನವೆಂದು ಅಲಕ್ಷ್ಯ ಮಾಡುವುದೂ ಅಪಾಯವೇ. 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಹಳ್ಳಿಗಳ ಮೇಲೆ ಹಾರಿದುದು ಅನ್ಯಲೋಕದ ಯಾನವಲ್ಲ. ಸಾಧಾರಣವಾದ ಒಂದು ಸರಕು ವಿಮಾನ. ಬೆಳಗಾದಾಗ ಬಯಲಿನಲ್ಲಿ ಬಿದ್ದಿದ್ದುದು ಬಂದೂಕು, ಮದ್ದುಗುಂಡು. ಅಲ್ಲಿ ನಿಗೂಢವಾಗಿದ್ದುದು ವಿಮಾನದ ಆಕಾರವಲ್ಲ, ಅದರ ಉದ್ದೇಶ.

ಮೂರನೆಯ ಕಾರಣ ಎಲ್ಲಕ್ಕಿಂತ ಗಂಭೀರವಾದುದು. 2024ರ ಕೊನೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಿಗೂಢ ಡ್ರೋನುಗಳು ಹಾರುತ್ತಿವೆಯೆಂಬ ಗದ್ದಲವೆದ್ದು, ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಗೆ 5,000ಕ್ಕೂ ಹೆಚ್ಚು ದೂರುಗಳು ಬಂದುವು. ಆ ನೋಟಗಳಲ್ಲಿ ಅನುಮತಿಯುಳ್ಳ ಡ್ರೋನುಗಳೂ, ಸಾಮಾನ್ಯ ವಿಮಾನಗಳೂ, ಹೆಲಿಕಾಪ್ಟರುಗಳೂ, ನಕ್ಷತ್ರಗಳೂ ಸೇರಿವೆಯೆಂದು ಅಧಿಕಾರಿಗಳು ತಿಳಿಸಿದರು. ಅಷ್ಟರಲ್ಲಿ ಜನ ಡ್ರೋನೆಂದು ತಿಳಿದು ಪ್ರಯಾಣಿಕರ ವಿಮಾನಗಳ ಚಾಲಕರ ಕಣ್ಣಿಗೆ ಲೇಸರ್ ಬೆಳಕು ಹಾಯಿಸುವುದೂ ಹೆಚ್ಚಿತ್ತು. 2025ರಲ್ಲಿ ನಮ್ಮ ಉತ್ತರಪ್ರದೇಶದ ಹಲವು ಜಿಲ್ಲೆಗಳಲ್ಲಿ, ಕಳ್ಳರು ಮನೆಗಳನ್ನು ಗುರುತು ಮಾಡಲು ರಾತ್ರಿ ಡ್ರೋನು ಬಿಡುತ್ತಾರೆಂಬ ವದಂತಿ ಹಬ್ಬಿತು. ಊರವರು ದೊಣ್ಣೆ ಹಿಡಿದು ಕಾವಲು ನಿಂತರು; ದಾರಿಹೋಕ ಬಡವರು ಪೆಟ್ಟು ತಿಂದರು. ಮೇಲೆ ಮಿನುಗಿದ ದೀಪದ ಲೆಕ್ಕವನ್ನು ಕೆಳಗೆ ನಡೆಯುತ್ತಿದ್ದ ಮನುಷ್ಯ ತೀರಿಸಬೇಕಾಯಿತು. ‘ದಂತೆ’ ಹೋಗಿ ‘ವಂತೆ’ ಬಂದಾಗ ಎಷ್ಟು ದೂರ ಹೋಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಕ್ಕಳ ಕಳ್ಳರ ವದಂತಿಯನ್ನು ಕಂಡಿರುವ ನಮ್ಮ ನಾಡಿಗೆ ಈ ಎಚ್ಚರವನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಸಂಸ್ಥೆಗಳನ್ನು ಕಟ್ಟಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಶಾಲೆ ಕಾಲೇಜುಗಳಲ್ಲಿ ‘ಸೂರ್ಯೋದಯ’ದ ಮೇಲೆ ಪ್ರಬಂಧ ಬರೆಸುತ್ತೇವೆ, ಕೇಳಿದ ವಿಶೇಷಣಗಳನ್ನೇ ಹುಡುಗರು ಮತ್ತೆ ಮತ್ತೆ ಬರೆಯುತ್ತಾರೆ. ಅದರ ಜೊತೆಗೆ ವರ್ಷಕ್ಕೊಮ್ಮೆಯಾದರೂ ಸಂಜೆಯ ಆಕಾಶದಲ್ಲಿ ಚಲಿಸಿದ ಒಂದು ಬೆಳಕನ್ನು ಹೆಸರಿಡದೆ ವರ್ಣಿಸಿರಿ ಎಂದು ಹೇಳಿ ನೋಡೋಣ. ಗಂಟೆ ಎಷ್ಟು? ನಿಂತ ಸ್ಥಳ ಯಾವುದು? ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು? ಕೈಯನ್ನು ನೇರವಾಗಿ ಚಾಚಿ ಹಿಡಿದ ಮುಷ್ಟಿ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿತ್ತು? ಎಷ್ಟು ನಿಮಿಷ ಕಂಡಿತು? ವಿಮಾನದ ಎಡ ರೆಕ್ಕೆಗೆ ಕೆಂಪು, ಬಲ ರೆಕ್ಕೆಗೆ ಹಸಿರು ದೀಪವಿರುತ್ತದೆ, ಅವು ಕಂಡುವೆ? ಸದ್ದು ಬಂದಿತೆ, ಎಷ್ಟು ಹೊತ್ತಿನ ಮೇಲೆ? ದೂರವೆಷ್ಟು ಎಂದು ಮಾತ್ರ ಬರೆಯಬೇಡಿ; ವಸ್ತುವಿನ ಗಾತ್ರ ತಿಳಿಯದೆ ಬರಿಗಣ್ಣಿಗೆ ದೂರ ತಿಳಿಯುವುದಿಲ್ಲ. ಈ ಅಭ್ಯಾಸದಿಂದ ವಿಜ್ಞಾನಕ್ಕೆ ಪ್ರಯೋಜನವಾಗಲಿ ಬಿಡಲಿ, ಕನ್ನಡ ಗದ್ಯಕ್ಕಂತೂ ಆಗುತ್ತದೆ. ಪತ್ರಿಕೆಗಳು ಸಾಕ್ಷಿಯ ‘ಅಂತೆ’ಯನ್ನು ತಲೆಬರಹದಿಂದ ಕಿತ್ತುಹಾಕದಿರಲಿ. ಅಧಿಕಾರಿಗಳು ಹೇಳಬಹುದಾದುದನ್ನು ಬೇಗ ಹೇಳಲಿ. ಹೇಳಬಾರದುದಾದರೆ ಸುಳ್ಳು ಕಾರಣವನ್ನು ಕೊಡುವ ಬದಲು ಹೇಳಲಾಗದೆಂದೇ ಹೇಳಲಿ.

ಇನ್ನು ಕಂಡವನನ್ನು ನಡೆಸಿಕೊಳ್ಳುವ ರೀತಿ. ಅವನನ್ನು ನಾವು ಹುಚ್ಚನೆನ್ನುತ್ತೇವೆ, ಇಲ್ಲವೆ ಹೆಗಲ ಮೇಲೆ ಹೊತ್ತು ಮೆರೆಸುತ್ತೇವೆ. ಎರಡರಲ್ಲಿಯೂ ಅವನ ಮಾತನ್ನು ಕೇಳುವುದಿಲ್ಲ. ಈ ವಿಷಯದಲ್ಲಿ ನಮ್ಮ ಸೀಮೆಗೆ ಹಿರಿಯರ ಮೇಲ್ಪಂಕ್ತಿಯೊಂದಿದೆ. ಉಡುತಡಿಯ ಮಹಾದೇವಿಯಕ್ಕ ಕಲ್ಯಾಣಕ್ಕೆ ಬಂದಾಗ ಪ್ರಶ್ನೆ ಕೇಳಿದವನು ಅಲ್ಲಮಪ್ರಭು, ಪಕ್ಕದ ಬಳ್ಳಿಗಾವೆಯವನು. ಶೂನ್ಯಸಂಪಾದನೆ ಆ ಸಂವಾದವನ್ನು ಉಳಿಸಿಕೊಟ್ಟಿದೆ. ಅದು ಅನುಭಾವದ ವಿಷಯ, ಆಕಾಶದ ದೀಪದ ವಿಷಯವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ನನಗಿಲ್ಲ. ಆದರೆ ಅಲ್ಲಿನ ಕ್ರಮವನ್ನು ನೋಡಿ. ಪ್ರಭು ಆಕೆಯನ್ನು ಹಾಸ್ಯ ಮಾಡಲಿಲ್ಲ. ಕೇಳಿದೊಡನೆ ಕೈಮುಗಿಯಲೂ ಇಲ್ಲ. ಕಠಿನವಾದ ಪ್ರಶ್ನೆಗಳನ್ನು ಒಂದಾದ ಮೇಲೊಂದು ಕೇಳಿದ. ಆಕೆ ತಾನು ಕಂಡುದನ್ನೇ ಹೇಳಿ ಉತ್ತರ ಕೊಟ್ಟಳು. ಒರೆಗೆ ಹಚ್ಚಿದ ಮೇಲೆಯೇ ಗೌರವ ಬಂದಿತು, ಆ ಗೌರವ ಗಟ್ಟಿಯಾಗಿ ನಿಂತಿತು.

ನಾಳೆ ಶಿಕಾರಿಪುರದ ಹಾದಿಯಲ್ಲಿ ಯಾರಾದರೂ ಬಂದು, ರಾತ್ರಿ ಕೆರೆಯ ಮೇಲೆ ವಿಮಾನದಂತೆ ಏನೋ ಹೋಯಿತು, ಸದ್ದೇ ಇರಲಿಲ್ಲ ಎಂದರೆ, ನಗಬೇಡಿ. ಮೊಬೈಲಿನಲ್ಲಿ ಊರಿಗೆಲ್ಲ ಹಂಚಲೂಬೇಡಿ. ಕುಳ್ಳಿರಿಸಿ ಕೇಳಿ: ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ, ಎಷ್ಟು ಹೊತ್ತು? ಅವನು ಹೇಳಿದುದನ್ನು ಅವನ ಮಾತಿನಲ್ಲಿಯೇ ಬರೆದುಕೊಳ್ಳಿ. ‘ವಿಮಾನದಂತೆ’ ಎಂದಿದ್ದರೆ ‘ವಿಮಾನದಂತೆ’ ಎಂದೇ ಬರೆಯಿರಿ.